ಘಾಟ್ ಮೇಲಿನ ಮನೆಗೆ ಎಷ್ಟು ದಪ್ಪದ ಪತ್ರಾ ಹಾಕಿಸ್ಬೇಕು?

ಪ್ರಶ್ನೆ: "ಸರ್, ನಾವಿರೋದು ಪುಣೆಲಿ. ಲೋಣಾವಳಾ ದಾಟಿ ಗುಡ್ಡದ ಅಂಚಲ್ಲಿ ಐದು ಗುಂಟೆ ಜಾಗ ತಗೊಂಡಿದ್ದೀವಿ, ರಿಟೈರ್ ಆದ್ಮೇಲೆ ಅಲ್ಲೇ ಇರೋ ಪ್ಲಾನು. ಮನೆ ಮೇಲೆ ಪತ್ರಾ (ತಗಡಿನ ಶೀಟು) ಹಾಕ್ಸೋಣ ಅಂತಿದ್ದೀವಿ. ಅಲ್ಲಿ ಗಾಳಿ ಜೋರು, 0.5 ಎಂಎಂ ಬೇಡ, 0.8 ಹಾಕ್ಸಿ, ಭಾರ ಇದ್ರೆ ಹಾರಲ್ಲ ಅಂತಾನೆ ಫ್ಯಾಬ್ರಿಕೇಟರ್. ಅಷ್ಟು ದಪ್ಪ ಸಾಕಾ, ಇನ್ನೂ ಜಾಸ್ತಿ ಬೇಕಾ?"

ಮಾರ್ಚ್ ಬಂತಂದ್ರೆ ಈ ಪ್ರಶ್ನೆ ಶುರು. ಊರಿನ ಹೆಸರು ಬದಲಾಗುತ್ತೆ ಅಷ್ಟೆ, ಒಬ್ರದ್ದು ಮುಳಶಿ, ಇನ್ನೊಬ್ರದ್ದು ಪಾಂಚಗಣಿ, ಗೋವಾದವರಾದ್ರೆ ಸತ್ತರಿ ಕಡೆ, ಆದ್ರೆ ಕೇಳೋದು ಮಾತ್ರ ಒಂದೇ, ಎಷ್ಟು ಎಂಎಂ ಅಂತ. ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಈ ಸಲ ಲೆಕ್ಕ ಸಮೇತ ಪೂರ್ತಿ ಬರೀತಿದ್ದೀನಿ, ಇನ್ಮೇಲೆ ಯಾರಾದ್ರೂ ಕೇಳಿದ್ರೆ ಇದನ್ನೇ ಕಳಿಸಿಬಿಡಿ. ಚಿಕ್ಕ ಉತ್ತರ ಬೇಕಂದ್ರೆ, ಮನೆಗೆ 0.5 ಎಂಎಂ ಸಾಕು, ಉಳಿದ ದುಡ್ಡನ್ನ ಸ್ಕ್ರೂಗೆ, ಪತ್ರಾ ಕೆಳಗಿನ ಅಡ್ಡ ಪೈಪಿಗೆ, ಮಾಡನ್ನ ಗೋಡೆಗೆ ಬಿಗಿಯೋ ಆಂಕರ್ ಬೋಲ್ಟಿಗೆ, ಗೋಡೆ ತಲೆ ಮೇಲಿನ ಬೀಮಿಗೆ ಹಾಕಿ. ಇಷ್ಟಕ್ಕೇ ನಿಲ್ಲಿಸಬಹುದಿತ್ತು, ಆದ್ರೆ ನಾಳೆ ಸೈಟಲ್ಲಿ ಫ್ಯಾಬ್ರಿಕೇಟರ್ ಎದುರು ನಿಂತಾಗ ಯಾಕೆ ಅನ್ನೋದು ನಿಮಗೆ ಗೊತ್ತಿರ್ಬೇಕು, ಇಲ್ಲಾಂದ್ರೆ ಅವನು ಹೇಳಿದ್ದೇ ಕೊನೆ ಮಾತಾಗುತ್ತೆ.

"ಭಾರ ಇದ್ರೆ ಹಾರಲ್ಲ." ಈ ಒಂದು ಮಾತು ಸಹ್ಯಾದ್ರಿ ಉದ್ದಕ್ಕೂ ಎಷ್ಟು ಮನೆ ಮಾಡು ಕಿತ್ತಿದೆಯೋ ನನಗಂತೂ ಇದನ್ನ ಕೇಳಿದ್ರೆ ಸಂಕಟ ಆಗುತ್ತೆ. ಜನರ ತಲೇಲಿ ಇರೋ ಚಿತ್ರ ಏನಂದ್ರೆ ಗಾಳಿ ಬಂದು ಮಾಡಿಗೆ ಗುದ್ದುತ್ತೆ, ಹಗುರ ಇದ್ರೆ ತಳ್ಕೊಂಡು ಹೋಗುತ್ತೆ, ಭಾರ ಇದ್ರೆ ಅಲ್ಲಾಡದೆ ಕೂರುತ್ತೆ. ನಿಜವಾಗಿ ನಡೆಯೋದೇ ಬೇರೆ. ಗಾಳಿ ಗೋಡೆಗೆ ಬಡಿದು ಮೇಲಕ್ಕೆ ಹತ್ತಿ ಸೂರಿನ ಅಂಚಲ್ಲಿ ಚಿಮ್ಮಿ ಮಾಡಿನ ಮೇಲಿಂದ ಹಾರ್ಕೊಂಡು ಹೋಗುತ್ತೆ, ಆವಾಗ ಪತ್ರಾದ ಮೇಲ್ಗಡೆ ಒತ್ತಡ ಕಮ್ಮಿಯಾಗಿ ಮಾಡನ್ನ ಮೇಲಕ್ಕೆ ಎಳೆಯುತ್ತೆ, ಅದೇ ಹೊತ್ತಿಗೆ ಕಿಟಕಿ ಸಂದಿಯಿಂದಲೋ ತೆರೆದ ಬಾಗಿಲಿಂದಲೋ ಒಳಗೆ ನುಗ್ಗಿದ ಗಾಳಿ ಕೆಳಗಿಂದ ಒದೆಯುತ್ತೆ. ಮೇಲಿಂದ ಎಳೆತ, ಕೆಳಗಿಂದ ತಳ್ಳು, ಎರಡೂ ಒಂದೇ ದಿಕ್ಕಿಗೆ, ಆಕಾಶದ ಕಡೆಗೆ. ಲೋಣಾವಳಾದ ಲಾಯನ್ಸ್ ಪಾಯಿಂಟಲ್ಲಿ ಜುಲೈ ತಿಂಗಳು ಛತ್ರಿ ಬಿಚ್ಚಿದವರಿಗೆ ಇದು ಹೇಳ್ಕೊಡಬೇಕಾಗಿಲ್ಲ, ಛತ್ರಿ ಮೇಲಕ್ಕೆ ಮಗುಚ್ಕೊಳ್ಳುತ್ತೆ, ತಲೆ ಮೇಲೆ ಕುಸಿದು ಬೀಳೋದಿಲ್ಲ.

ಈಗ ಲೆಕ್ಕಕ್ಕೆ ಬನ್ನಿ. ಗಾಳಿ ಭಾರಕ್ಕೆ ನಮ್ಮ ದೇಶದಲ್ಲಿ ಐಎಸ್ 875 ಮೂರನೇ ಭಾಗ ಅಂತ ಕೋಡ್ ಇದೆ, ಅದ್ರಲ್ಲಿ ಪುಣೆಗೆ ಕೊಟ್ಟಿರೋ ಮೂಲ ವೇಗ ಸೆಕೆಂಡಿಗೆ 39 ಮೀಟರ್, ಅಂದ್ರೆ ಗಂಟೆಗೆ 140 ಕಿಲೋಮೀಟರ್. ಮುಂಬೈಗೆ 44, ಬೆಂಗಳೂರಿಗೆ 33. (ಬೆಂಗಳೂರಲ್ಲಿ ನಮ್ಮ ಭಾವನ ಟೆರೇಸ್ ಮೇಲೆ ಹಾಕಿ ಹತ್ತು ವರ್ಷ ಆಯ್ತು, ಏನೂ ಆಗಿಲ್ಲ ಅನ್ನೋರು ಈ ಎರಡು ನಂಬರ್ ಪಕ್ಕಪಕ್ಕ ಇಟ್ಟು ನೋಡಿ, 33 ಮತ್ತು 39, ಸಣ್ಣ ವ್ಯತ್ಯಾಸ ಅನ್ಸುತ್ತೆ ಆದ್ರೆ ಒತ್ತಡ ವೇಗದ ವರ್ಗದ ಲೆಕ್ಕದಲ್ಲಿ ಏರೋದ್ರಿಂದ ಅದು 40 ಪರ್ಸೆಂಟ್ ಜಾಸ್ತಿ.) 39ರ ವೇಗಕ್ಕೆ ಒಂದು ಚದರ ಮೀಟರ್ ಮೇಲೆ ಬರೋ ಒತ್ತಡ ಸುಮಾರು 93 ಕಿಲೋ. ಇದು ಬಯಲಿನ ಲೆಕ್ಕ. ಗುಡ್ಡದ ನೆತ್ತಿ, ಕಡಿದಾದ ಅಂಚು ಇಂಥಾ ಕಡೆ ಗಾಳಿ ಇಳಿಜಾರು ಹತ್ತುತ್ತಾ ಇನ್ನೂ ಜೋರಾಗುತ್ತೆ, ಅದಕ್ಕೆ ವೇಗವನ್ನ 1.36ರ ತನಕ ಗುಣಿಸ್ಬೇಕು ಅಂತ ಅದೇ ಕೋಡ್ ಹೇಳುತ್ತೆ, ಹಂಗೆ ಮಾಡಿದ್ರೆ 93 ಹೋಗಿ 172 ಕಿಲೋ ಆಗುತ್ತೆ. ವ್ಯೂ ಚೆನ್ನಾಗಿದೆ ಅಂತ ನೀವು ದುಡ್ಡು ಜಾಸ್ತಿ ಕೊಟ್ಟು ತಗೊಂಡ ಜಾಗ ಇದೆಯಲ್ಲ, ಗಾಳಿಯ ಲೆಕ್ಕದಲ್ಲಿ ಅದೇ ಎಲ್ಲಕ್ಕಿಂತ ಕೆಟ್ಟ ಜಾಗ.

ಹತ್ತು ಹನ್ನೆರಡು ಅಡಿ ರೂಮು ಒಂದು ತಗೊಳ್ಳಿ, 11 ಚದರ ಮೀಟರ್. ಗುಡ್ಡದ ಲೆಕ್ಕ ಬಿಡಿ, ಬಯಲಿನ ಲೆಕ್ಕದಲ್ಲೇ ಆ ಒಂದು ರೂಮಿನ ಮಾಡಿನ ಮೇಲಿನ ಎಳೆತ ಸುಮಾರು ಒಂದು ಟನ್. 0.5 ಎಂಎಂ ಪತ್ರಾ ಹಾಕಿದ್ರೆ ಆ ರೂಮಿಗೆ ಬರೋ ಶೀಟಿನ ತೂಕ 50 ಕಿಲೋ ಆಸುಪಾಸು. 0.8 ಹಾಕಿದ್ರೆ 80 ಚಿಲ್ಲರೆ. ಅಂದ್ರೆ ನಿಮ್ಮ ಫ್ಯಾಬ್ರಿಕೇಟರ್ ಒಂದು ಟನ್ ಎಳೆತದ ಎದುರಿಗೆ 30 ಕಿಲೋ ಇಟ್ಟು ಅದಕ್ಕೆ ಒಂದೂವರೆ ಪಟ್ಟು ಬಿಲ್ ಮಾಡ್ತಿದ್ದಾನೆ. ಇದನ್ನ ಅವನ ಮುಂದೆ ಕ್ಯಾಲ್ಕುಲೇಟರ್ ಹಿಡಿದು ತೋರಿಸಿ, ವಾದ ಮಾಡೋದೇ ಬೇಡ.

ಪತ್ರಾ ಮೇಲೆ ಕಲ್ಲು ಹೇರೋದೂ, ಮರಳಿನ ಚೀಲ ಇಡೋದೂ ಇದೇ ನಂಬಿಕೆಯ ಮಕ್ಕಳು. ಪ್ರತಿ ಚದರ ಮೀಟರಿಗೆ 90 ಕಿಲೋ ಕಲ್ಲು ಇಡೋಕಾಗುತ್ತಾ? ಇಟ್ರೆ ಕೆಳಗಿನ ಪೈಪು ಬಗ್ಗುತ್ತೆ. ನಾಕು ಕಲ್ಲು ಇಟ್ರೆ ಗಾಳಿಗೆ ಪತ್ರಾ ಎದ್ದಾಗ ಆ ಕಲ್ಲು ಜಾರಿ ಅಂಗಳದಲ್ಲಿ ಇದ್ದವರ ತಲೆ ಮೇಲೆ ಬರುತ್ತೆ. ದಯವಿಟ್ಟು ಇಡ್ಬೇಡಿ.

2020 ಜೂನ್ 3ಕ್ಕೆ ನಿಸರ್ಗ ಚಂಡಮಾರುತ ರಾಯಗಡ ಜಿಲ್ಲೆಯ ಶ್ರೀವರ್ಧನ್ ಹತ್ರ ದಡ ಮುಟ್ಟಿ ಘಾಟ್ ಹತ್ತಿ ಪುಣೆ ಜಿಲ್ಲೆ ಮೇಲಿಂದ ಹೋಯ್ತು, ನಿಮಗೆ ನೆನಪಿರುತ್ತೆ. ಅದಾದ್ಮೇಲೆ ಮುಳಶಿ ಕಡೆ ಒಂದು ಮನೆ ನೋಡೋಕೆ ಕರೆದಿದ್ರು. ಮಾಡು ಪಕ್ಕದ ಭತ್ತದ ಗದ್ದೇಲಿ ಬಿದ್ದಿತ್ತು. ಬಗ್ಗಿ ನೋಡಿದ್ರೆ ಪತ್ರಾ ಸರಿಯಾಗೇ ಇದೆ, ಸ್ಕ್ರೂಗಳೂ ಇವೆ, ಸ್ಕ್ರೂ ಕೆಳಗೆ ಚೌಕ ಪೈಪೂ ಅಂಟ್ಕೊಂಡೇ ಇದೆ, ಪೈಪಿನ ತುದೀಲಿ ಮಾತ್ರ ಹೆಬ್ಬೆರಳ ಉಗುರಿನಷ್ಟು ವೆಲ್ಡಿಂಗ್ ಗುರುತು, ಅದೂ ಒಂದೇ ಮಗ್ಗುಲಲ್ಲಿ. ಟ್ಯಾಕ್ (ತಾತ್ಕಾಲಿಕ ಚುಕ್ಕಿ ವೆಲ್ಡ್) ಹೊಡೆದು ಆಮೇಲೆ ಪೂರ್ತಿ ವೆಲ್ಡ್ ಮಾಡೋಣ ಅಂದ್ಕೊಂಡಿದ್ರೇನೋ, ಮರೆತಿದ್ದಾರೆ, ಮೇಲೆ ಪೇಂಟ್ ಬಳಿದಿದ್ದಾರೆ. ಆ ಶೀಟು 0.5 ಇದ್ರೂ ಅಷ್ಟೆ, 1 ಎಂಎಂ ಇದ್ರೂ ಅಷ್ಟೆ, ಗದ್ದೆಗೇ ಹೋಗ್ತಿತ್ತು.

ಇಷ್ಟು ಹೇಳಿದ್ಮೇಲೂ ಒಬ್ರು ಕೇಳೇ ಕೇಳ್ತಾರೆ, ಹಂಗಾದ್ರೆ ನಮ್ಮ ಮಲೆನಾಡಲ್ಲಿ ಅಜ್ಜನ ಕಾಲದ ಹೆಂಚಿನ ಮನೆ ಯಾಕೆ ಹಾರಿಲ್ಲ, ಅದು ಭಾರಕ್ಕೇ ಅಲ್ವಾ ನಿಂತಿರೋದು ಅಂತ. ಒಳ್ಳೆ ಪ್ರಶ್ನೆ, ಅರ್ಧ ಸತ್ಯ ಇದೆ. ಮಂಗಳೂರು ಹೆಂಚು ರೀಪು ಸೇರಿ ಚದರ ಮೀಟರಿಗೆ 60 ಕಿಲೋ ಮೇಲೇ ಬರುತ್ತೆ, ಪತ್ರಾದ ಹತ್ತು ಪಟ್ಟಿಗಿಂತ ಜಾಸ್ತಿ, ಅಷ್ಟು ಭಾರ ಇದ್ರೆ ನಿಜವಾಗ್ಲೂ ಲೆಕ್ಕಕ್ಕೆ ಬರುತ್ತೆ. ಆದ್ರೂ 93ಕ್ಕೆ 60 ಸಾಲಲ್ಲ ಅಲ್ವಾ, ಉಳಿದಿದ್ದನ್ನ ಕಾಪಾಡೋದು ಹೆಂಚಿನ ಸಂದಿ. ಹೆಂಚು ಹೆಂಚಿನ ನಡುವೆ ಗಾಳಿ ಆಡುತ್ತೆ, ಒಳಗಿನ ಒತ್ತಡ ಹೊರಗೆ ಸೋರಿ ಹೋಗುತ್ತೆ, ಮೇಲೆ ಕೆಳಗೆ ವ್ಯತ್ಯಾಸ ಉಳಿಯೋದೇ ಕಮ್ಮಿ. ಪತ್ರಾ ಹಾಳೆ ಹಾಳೆಯಾಗಿ ಮುಚ್ಚಿರುತ್ತೆ, ಅದಕ್ಕೆ ಆ ದಾರಿ ಇಲ್ಲ. ಮತ್ತೆ ಹೆಂಚಿನ ಮನೆ ಯಾವತ್ತೂ ಹಾರಲ್ಲ ಅನ್ನೋದೂ ಸುಳ್ಳು, ಜೋರು ಗಾಳಿಗೆ ಸೂರಿನ ಮೊದಲ ಸಾಲು, ಪಕ್ಕದ ಅಂಚು, ನೆತ್ತಿ ಹೆಂಚು ಇವು ಮೊದಲು ಹೋಗ್ತವೆ, ಅದಕ್ಕೇ ಅಲ್ಲಿ ಗಾರೆ ಹಾಕಿ ಕೂರಿಸ್ತಿದ್ರು ಹಳಬರು. ಎಳೆತ ಅಂಚಲ್ಲೇ ಜಾಸ್ತಿ ಅನ್ನೋದು ಅವರಿಗೆ ಕೋಡ್ ಇಲ್ದೇನೇ ಗೊತ್ತಿತ್ತು.

ಅಂಚಿನ ಮಾತು ಬಂತಲ್ಲ, ಸ್ಕ್ರೂ ಲೆಕ್ಕ ಅಲ್ಲಿಂದ್ಲೇ ಶುರು ಮಾಡ್ಬೇಕು. ಪೈಪಿಂದ ಪೈಪಿಗೆ ಆರಡಿ ಬಿಟ್ಟು, ಎರಡಡಿಗೊಂದು ಸ್ಕ್ರೂ ಹೊಡೆದ್ರೆ ಒಂದೊಂದು ಸ್ಕ್ರೂ ಒಂದು ಚದರ ಮೀಟರಿಗಿಂತ ಜಾಸ್ತಿ ಮಾಡನ್ನ ಹಿಡಿದಿರ್ಬೇಕು, ಅಂದ್ರೆ ನೂರು ಕಿಲೋ, ಮೂಲೇಲಿ ಅದ್ರ ಎರಡರಷ್ಟು. ಸ್ಕ್ರೂ ಕಿತ್ತು ಬರದೇ ಇದ್ರೂ ಪತ್ರಾ ಸ್ಕ್ರೂ ತಲೆ ಸುತ್ತ ಹರಿದು ಮೇಲೇಳುತ್ತೆ. ಅದೇ ಪೈಪು ನಾಕಡಿಗೆ ತಂದು ಸ್ಕ್ರೂ ಒತ್ತೊತ್ತಾಗಿ ಹೊಡೆದ್ರೆ ಒಂದಕ್ಕೆ 45 ಕಿಲೋ ಆಸುಪಾಸಿಗೆ ಇಳಿಯುತ್ತೆ. ಸೂರಿನ ಸಾಲು, ನೆತ್ತಿ ಸಾಲು, ಎರಡೂ ಪಕ್ಕದ ಅಂಚು, ಇಲ್ಲಿ ಪತ್ರಾದ ಪ್ರತಿ ಉಬ್ಬಿಗೂ ಒಂದು ಸ್ಕ್ರೂ ಬೇಕು, ನಡುವೆ ಒಂದು ಬಿಟ್ಟು ಒಂದು ನಡೆಯುತ್ತೆ. ವಾಷರ್ ಇಪಿಡಿಎಂ (ಬಿಸಿಲು ಮಳೆ ತಡೆಯೋ) ರಬ್ಬರಿಂದೇ ಆಗ್ಬೇಕು, ಸ್ಕ್ರೂ ನೆಟ್ಟಗೆ ಇಳೀಬೇಕು, ರಬ್ಬರ್ ವಾಷರಿನ ತಗಡಿನ ಅಂಚಿಂದ ಹೊರಗೆ ಉಬ್ಬಿ ಬರೋಷ್ಟು ಬಿಗಿದ್ರೆ ಎರಡು ಬೇಸಿಗೇಲಿ ಸೀಳುತ್ತೆ, ಸಡಿಲ ಬಿಟ್ರೆ ಮೊದಲ ಮಳೆಗೇ ಸೋರುತ್ತೆ. ಸ್ಕ್ರೂ ಮೇಲೆ ದುಡ್ಡು ಉಳಿಸೋರು ಜಾಸ್ತಿ, ಪತ್ರಾ ಇಪ್ಪತ್ತು ವರ್ಷ ಬಾಳೋದು ತಂದು ಅದಕ್ಕೆ ಐದು ವರ್ಷಕ್ಕೆ ತುಕ್ಕು ಹಿಡಿಯೋ ಸ್ಕ್ರೂ ಹೊಡೆಸ್ತಾರೆ.

ಅಲ್ಲಿಗೆ ಮುಗೀಲಿಲ್ಲ. ಸ್ಕ್ರೂ ಪೈಪನ್ನ ಹಿಡಿದಿದೆ, ಪೈಪು ಟ್ರಸ್ಸನ್ನ (ಮಾಡು ಹೊರೋ ತ್ರಿಕೋನದ ಚೌಕಟ್ಟು) ಹಿಡೀಬೇಕು, ಟ್ರಸ್ಸು ಗೋಡೇನ, ಗೋಡೆ ಪಾಯಾನ. ಇದ್ರಲ್ಲಿ ಒಂದು ಕೊಂಡಿ ಸಡಿಲ ಇದ್ರೂ ಎಳೆತ ಅಲ್ಲೇ ಹುಡುಕ್ಕೊಂಡು ಹೋಗುತ್ತೆ. ಘಾಟಲ್ಲಿ ಕೊಂಕಣದಲ್ಲಿ ಕೆಂಪು ಚಿರೆ ಕಲ್ಲಿನ ಗೋಡೆ ಜಾಸ್ತಿ, ಅದ್ರ ಮೇಲಿನ ಸಾಲಿಗೇ ಬೋಲ್ಟ್ ಹಾಕಿ ಟ್ರಸ್ ಕೂರಿಸ್ತಾರೆ, ಗಾಳಿ ಬಂದಾಗ ಬೋಲ್ಟ್ ಸಮೇತ ಕಲ್ಲೂ ಎದ್ದು ಬರುತ್ತೆ. ಗೋಡೆ ತಲೆ ಮೇಲೆ ಸುತ್ತ ಕಾಂಕ್ರೀಟ್ ಬೀಮು ಹಾಕ್ಸಿ, ಮೂಲೆಗಳಲ್ಲಿ ಅದ್ರ ಸರಳು ಕೆಳಗಿನ ಲಿಂಟಲ್‌ವರೆಗೆ, ಸಾಧ್ಯ ಆದ್ರೆ ಪಾಯಾದವರೆಗೆ ಇಳೀಲಿ, ಟ್ರಸ್ಸಿನ ಬೋಲ್ಟನ್ನ ಕಾಂಕ್ರೀಟ್ ಹಾಕೋವಾಗ್ಲೇ ಕೂರಿಸಿ. ಕೊಟೇಶನ್‌ನಲ್ಲಿ ಈ ಸಾಲು ಇದೆಯಾ ನೋಡಿ, ಎಂಎಂ ಎಷ್ಟು ಅಂತ ಆಮೇಲೆ ನೋಡಿದ್ರಾಯ್ತು.

ಇಳಿಜಾರಿನ ಬಗ್ಗೆ ಚುಟುಕಾಗಿ. ಹತ್ತು ಡಿಗ್ರಿ ಆಸುಪಾಸಿನ ಚಪ್ಪಟೆ ಮಾಡಿಗೇ ಎಳೆತ ಎಲ್ಲಕ್ಕಿಂತ ಜಾಸ್ತಿ, 30 ಡಿಗ್ರಿಗೆ ಬಂದ್ರೆ ಗಾಳಿ ಬಡಿಯೋ ಮಗ್ಗುಲಲ್ಲಿ ಅದು ಹೆಚ್ಚು ಕಮ್ಮಿ ಇಲ್ಲದಂಗಾಗುತ್ತೆ, ಮಳೆ ನೀರೂ ಬೇಗ ಇಳಿಯುತ್ತೆ. ಪುಣೆ ಊರೊಳಗೆ ವರ್ಷಕ್ಕೆ 700 ಎಂಎಂ ಚಿಲ್ಲರೆ ಮಳೆ, ಮಹಾಬಳೇಶ್ವರದಲ್ಲಿ 5,500 ದಾಟುತ್ತೆ, ಸಿಟಿಲಿ ನಡೆದ ಇಳಿಜಾರು ಅಲ್ಲಿ ನಡೆಯಲ್ಲ. ಹಂಗಂತ ಶಿಮ್ಲಾ ಫೋಟೋ ತಂದು ತೋರ್ಸಿ ಅಷ್ಟು ಕಡಿದಾಗಿ ಬೇಕು ಅನ್ನೋದೂ ಬೇಡ, ಅಲ್ಲಿ ಹಿಮ ಜಾರಿ ಬೀಳ್ಬೇಕು, ನಮಗೆ ಆ ಚಿಂತೆ ಇಲ್ಲ. ಆದಷ್ಟು ಚೌಪಾಖಿ ಮಾಡಿಸಿ, ನಾಕೂ ಕಡೆ ಇಳಿಜಾರು ಇರೋ ಮಾಡು ಗಾಳಿಗೆ ತ್ರಿಕೋನದ ಗೋಡೆ ಒಡ್ಡೋದಿಲ್ಲ. ಸೂರು ಎರಡಡಿ ಮೇಲೆ ಚಾಚ್ಬೇಡಿ, ಚಾಚಲೇಬೇಕಂದ್ರೆ ಕೆಳಗಿಂದ ಮುಚ್ಚಿ, ಬ್ರಾಕೆಟ್ ಕೊಡಿ. ಪತ್ರಾ ಹಾಸೋವಾಗ ನೈಋತ್ಯದ ಎದುರು ಬದಿಯಿಂದ ಶುರು ಮಾಡಿಸಿ, ಆಗ ಒಂದರ ಮೇಲೊಂದು ಕೂರೋ ಜೋಡಣೆಯ ಬಾಯಿ ಗಾಳಿಗೆ ಬೆನ್ನು ಹಾಕಿರುತ್ತೆ, ಮಳೆ ಒಳಗೆ ನುಗ್ಗಲ್ಲ. ಇಷ್ಟು ಸುಲಭದ ಕೆಲಸ, ಒಂದು ಪೈಸೆ ಖರ್ಚಿಲ್ಲ, ಆದ್ರೂ ಲಾರಿ ಯಾವ ಕಡೆ ನಿಂತಿದೆಯೋ ಆ ಕಡೆಯಿಂದ್ಲೇ ಹಾಸಿಕೊಂಡು ಹೋಗ್ತಾರೆ.

ದಪ್ಪಕ್ಕೆ ಬೆಲೆಯೇ ಇಲ್ಲ ಅಂತ ನಾನು ಹೇಳ್ತಿಲ್ಲ. ಸ್ಕ್ರೂ ಸುತ್ತ ಹರಿಯೋದು ಕಮ್ಮಿಯಾಗುತ್ತೆ, ಮಂಗಗಳು ಕುಣಿದ್ರೆ ತಗ್ಗು ಬೀಳಲ್ಲ. ಆದ್ರೆ ಬಾಳಿಕೆ ಬೇಕಂದ್ರೆ ದಪ್ಪಕ್ಕಿಂತ ಮೇಲಿನ ಲೇಪ ಕೇಳಿ, ಅಲ್ಯೂಮಿನಿಯಂ ಸತು ಲೇಪ ಚದರ ಮೀಟರಿಗೆ 150 ಗ್ರಾಂ ಇರೋದು ತಗೊಳ್ಳಿ. ಮತ್ತೆ ಪತ್ರಾನ ಗ್ರೈಂಡರಲ್ಲಿ ಕೊಯ್ಯೋಕೆ ಬಿಡ್ಲೇಬೇಡಿ, ಕಿಡಿ ಬಿದ್ದ ಕಡೆಯೆಲ್ಲಾ ಲೇಪ ಸುಟ್ಟು ಮುಂದಿನ ಮಳೆಗಾಲಕ್ಕೆ ಸಾಸಿವೆ ಕಾಳಿನಷ್ಟು ತುಕ್ಕಿನ ಚುಕ್ಕಿ ಏಳುತ್ತೆ.

ಯಾರೂ ಕೇಳದೆ ಇರೋ ಒಂದು ವಿಷಯ, ಆದ್ರೆ ಹೇಳದೆ ಇದ್ರೆ ನನಗೆ ಸಮಾಧಾನ ಇಲ್ಲ. ಇಷ್ಟೆಲ್ಲಾ ಮಾಡಿದ್ಮೇಲೂ ಜುಲೈನಲ್ಲಿ ಫೋನ್ ಬರುತ್ತೆ, ಮಾಡು ಸೋರ್ತಿದೆ ಅಂತ. ಹೋಗಿ ನೋಡಿದ್ರೆ ಎಷ್ಟೋ ಸಲ ಸೋರ್ತಿರೋದು ನೈಋತ್ಯದ ಗೋಡೆ. ಘಾಟಿನ ಝಡಿ ಮಳೆ ಮೇಲಿಂದ ಬೀಳಲ್ಲ, ಅಡ್ಡಡ್ಡ ಬರುತ್ತೆ, ದಿನಗಟ್ಟಲೆ ಅದೇ ಗೋಡೆಗೆ ಬಡೀತಾ ಇದ್ರೆ ಪ್ಲಾಸ್ಟರಿನ ಕೂದಲೆಳೆ ಬಿರುಕಲ್ಲಿ ನೀರು ಇಳಿದು ಬೀಮಿನ ಕೆಳಗೆ ಒಳಗಡೆ ತೊಟ್ಟಿಕ್ಕುತ್ತೆ, ನೋಡೋರಿಗೆ ಮಾಡಿಂದ ಬಂದಂಗೆ ಕಾಣುತ್ತೆ. ಮಲೆನಾಡಲ್ಲಿ ಮಳೆಗಾಲಕ್ಕೆ ಮುಂಚೆ ಗಾಳಿ ಕಡೆಗೆ ಸೋಗೆ ತಟ್ಟಿ ಕಟ್ಟೋದು, ಮಹಾಬಳೇಶ್ವರದ ಹಳೇ ಬಂಗಲೆಗಳಿಗೆ ಹುಲ್ಲಿನ ಚಾಪೆ ಹೊದಿಸೋದು ಇದಕ್ಕೇ. ಈಗಿನ ಮನೆಗೆ ಅದೇ ಕೆಲಸಕ್ಕೆ ಆ ಒಂದು ಗೋಡೆ ಮೇಲೆ ಒಂದೂವರೆ ಇಂಚು ಗಾಳಿ ಸಂದಿ ಬಿಟ್ಟು ಪತ್ರಾನೋ ಸಿಮೆಂಟ್ ಹಲಗೆನೋ ಹೊದಿಸಿದ್ರೆ ಆಯ್ತು, ಒಳಗೆ ನುಸುಳಿದ ನೀರು ಸಂದೀಲೇ ಇಳಿದು ಕೆಳಗೆ ಹೋಗುತ್ತೆ.

ಈಗಾಗ್ಲೇ ಮನೆ ಕಟ್ಟಿ ಸೋರಿಕೆಗೆ ಮಾಡಿನ ಮೇಲೆ ಟಾರ್ ಶೀಟ್ ಅಂಟಿಸ್ತಾ ಕೂತಿರೋರು ಮೊದಲು ಇದೊಂದು ಮಾಡಿ. ಮೇ ತಿಂಗಳಲ್ಲಿ, ಗೋಡೆ ಪೂರ್ತಿ ಒಣಗಿರೋವಾಗ, ಪೈಪಲ್ಲಿ ನೀರು ಬಿಟ್ಟು ನೋಡಿ. ಮೊದಲು ಗೋಡೆಯ ಕೆಳಭಾಗ, ಅರ್ಧ ಗಂಟೆ. ಆಮೇಲೆ ಕಿಟಕಿ ಸುತ್ತ, ಆಮೇಲೆ ಬೀಮಿನ ಕೆಳಗೆ, ಕೊನೆಗೆ ಪತ್ರಾ ಮೇಲೆ. ಒಬ್ರು ಒಳಗೆ ಟಾರ್ಚ್ ಹಿಡಿದು ನಿಂತಿರ್ಲಿ. ಮೇಲಿಂದ ಶುರು ಮಾಡ್ಬೇಡಿ, ಮೇಲಿನ ನೀರು ಗೋಡೆ ಮೇಲೂ ಇಳಿದು ಯಾವುದು ಸೋರ್ತಿದೆ ಅಂತ ಗೊತ್ತಾಗೋದೇ ಇಲ್ಲ.