ಮುಳ್ಳಯ್ಯನಗಿರಿ ಮೇಲೆ ಗಾಳಿಯೇ ಇಲ್ಲ! (ಕೆಟಿ, ಆರ್‌ಟಿ ಗೊಂದಲದ ಟಿಪ್ಪಣಿ)

ಎಡಿನ್‌ಬರೋದಂಥ ಕಡೆ ಕೆಮಿಕಲ್ ಫಿಸಿಕ್ಸ್ ಅಂತಲೇ ಒಂದು ಡಿಗ್ರಿ ಇದೆ. ಹಾಸನದಲ್ಲಿ ಬಿಎಸ್ಸಿ ಪಿಸಿಎಂ ಓದುವ ನನಗೆ ಅದು ಎರಡು ತುಂಡಾಗಿ ಸಿಗುತ್ತದೆ. ಬೆಳಿಗ್ಗೆ ಫಿಸಿಕ್ಸ್ ಸರ್ ಕೆಟಿ (ಕೆ ಎಂಬ ಸ್ಥಿರಾಂಕ × ತಾಪ ಟಿ) ಅನ್ನುತ್ತಾರೆ, ಮಧ್ಯಾಹ್ನ ಕೆಮಿಸ್ಟ್ರಿ ಮೇಡಂ ಆರ್‌ಟಿ (ಆರ್ ಎಂಬ ಸ್ಥಿರಾಂಕ × ಅದೇ ಟಿ) ಅನ್ನುತ್ತಾರೆ. ಎರಡೂ ಒಂದೇ ಸರಕು ಅಂತ ತಲೆಗೆ ಹೋಗಲು ನನಗೆ ಎರಡು ಸೆಮಿಸ್ಟರ್ ಬೇಕಾಯಿತು. ಮತ್ತೆ ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ನಾನೇ ಹಾಕಿಕೊಂಡ ಲೆಕ್ಕ ಇದು: ಮುಳ್ಳಯ್ಯನಗಿರಿ ತುದಿಯಲ್ಲಿ ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ? ಎತ್ತರ ಸುಮಾರು 1930 ಮೀಟರ್.

ಮೊದಲು ಅಲ್ಲಿನ ಗಾಳಿಯ ಒತ್ತಡ ಬೇಕು. ಸೂತ್ರ ಎಲ್ಲ ಪುಸ್ತಕದಲ್ಲೂ ಇದೆ, ಅದನ್ನು ಸಾಧಿಸುವ ಹಂತಗಳನ್ನು ಬಿಟ್ಟುಬಿಡುತ್ತೇನೆ. ಅನುಪಾತ ಅಂದರೆ ತುದಿಯ ಒತ್ತಡ ÷ ಸಮುದ್ರಮಟ್ಟದ ಒತ್ತಡ, ಇ ಅಂದರೆ 2.718, ಹತ್ತುವ ಶಕ್ತಿ ಅಂದರೆ ತೂಕ (ಕೆಜಿ) × 9.8 × ಎತ್ತರ.

ಒತ್ತಡದ ಅನುಪಾತ = ಇ^(−ಹತ್ತುವ ಶಕ್ತಿ ÷ ಕೆಟಿ)

ನಾನು ಮುಗ್ಗರಿಸಿದ್ದು ಇಲ್ಲೇ. ಗಾಳಿಯ ತೂಕ ಅಂದ ತಕ್ಷಣ ಕೆಮಿಸ್ಟ್ರಿ ಅಭ್ಯಾಸದಂತೆ ಒಂದು ಮೋಲಿಗೆ (6.022 × 10²³ ಅಣುಗಳ ಗುಂಪಿಗೆ) 0.029 ಕೆಜಿ ಹಾಕಿದೆ. 0.029 × 9.8 × 1930, ಅಂದರೆ ಸುಮಾರು 550 ಜೂಲ್. ಕೆಳಗೆ ಫಿಸಿಕ್ಸ್ ಅಭ್ಯಾಸದಂತೆ ಕೆ ಹಾಕಿದೆ: 1.38 × 10⁻²³ × 290. ಭಾಗಿಸಿದರೆ 10²³ ದಾಟಿತು. ಇ ಮೇಲೆ ಅಷ್ಟು ದೊಡ್ಡ ಮೈನಸ್ ಕೂತರೆ ಉತ್ತರ ಸೊನ್ನೆ. ಬೆಟ್ಟದ ಮೇಲೆ ಗಾಳಿಯೇ ಇಲ್ಲ! ಪ್ರತಿ ಭಾನುವಾರ ಅಲ್ಲಿ ಸೆಲ್ಫಿ ತೆಗೆದುಕೊಳ್ಳುವವರು ಹೇಗೆ ಉಸಿರಾಡುತ್ತಾರೋ.

ಸರಿ, ತಿರುಗಿಸಿ ನೋಡೋಣ ಅಂತ ಒಂದೇ ಅಣುವಿನ ತೂಕ, 4.8 × 10⁻²⁶ ಕೆಜಿ, ಮೇಲೆ ಹಾಕಿದೆ. ಕೆಳಗೆ ಆರ್, ಅಂದರೆ 8.314. ಈಗ ಘಾತ ಹೆಚ್ಚುಕಡಿಮೆ ಸೊನ್ನೆ, ಅನುಪಾತ 1. ಬೆಟ್ಟದ ತುದಿಯಲ್ಲೂ ಮಂಗಳೂರಿನಷ್ಟೇ ಒತ್ತಡ. ಇದೂ ಸುಳ್ಳು.

ತಪ್ಪು ಸೂತ್ರದಲ್ಲಿ ಇರಲಿಲ್ಲ. ಮೇಲೆ ಒಂದು ಅಣುವಿನ ಲೆಕ್ಕ ಇದ್ದರೆ ಕೆಳಗೂ ಒಂದು ಅಣುವಿನದ್ದೇ ಇರಬೇಕು, ಅಂದರೆ ಕೆಟಿ. ಮೇಲೆ ಒಂದು ಮೋಲ್ ಇದ್ದರೆ ಕೆಳಗೆ ಆರ್‌ಟಿ. ಕೆ ಅನ್ನು 6.022 × 10²³ರಿಂದ ಗುಣಿಸಿ ನೋಡಿ, ಆರ್ ಬರುತ್ತದೆ. ಬಿಡಿ ಬಾಳೆಹಣ್ಣಿನ ಬೆಲೆಗೂ ಡಜನ್ ಬೆಲೆಗೂ ಇರುವಷ್ಟೇ ವ್ಯತ್ಯಾಸ. ಡಜನ್ ಹಣ್ಣು ತಗೊಂಡು ಬಿಡಿ ಹಣ್ಣಿನ ದುಡ್ಡು ಕೊಟ್ಟರೆ ಅಂಗಡಿಯವರು ಬಿಡುತ್ತಾರಾ?

ಈಗ ಸರಿಯಾಗಿ: 550 ÷ (8.314 × 290) = 0.23. ಇ^(−0.23) ಅಂದರೆ ಸುಮಾರು 0.8. ಬೆಟ್ಟದ ತುದಿಯಲ್ಲಿ ಸಮುದ್ರಮಟ್ಟದ ಶೇ. 80ರಷ್ಟು ಒತ್ತಡ.

ಮುಂದಿನದು ಕ್ಲಾಸಿಯಸ್-ಕ್ಲಾಪೇರಾನ್, ಅಂದರೆ ತಾಪಕ್ಕೂ ಆವಿಯ ಒತ್ತಡಕ್ಕೂ ಇರುವ ನಂಟಿನ ಸೂತ್ರ. ಇದನ್ನು ನಾನು ಸುಮ್ನೆ ಬಾಯಿಪಾಠ ಮಾಡಿದ್ದೆ. ನೋಡಿದರೆ ಇದರ ಹೊಟ್ಟೆಯಲ್ಲೂ ಅದೇ ಇ ಇದೆ! ಅಲ್ಲಿ ಅಣು ಬೆಟ್ಟ ಹತ್ತಬೇಕು, ಇಲ್ಲಿ ಅಕ್ಕಪಕ್ಕದ ಅಣುಗಳ ಹಿಡಿತ ಬಿಡಿಸಿಕೊಂಡು ನೀರಿನಿಂದ ಹೊರಗೆ ಬರಬೇಕು. ಎರಡಕ್ಕೂ ಖರ್ಚಿದೆ. ಜೇಬಿನಲ್ಲಿರುವ ದುಡ್ಡು ಆರ್‌ಟಿ. ಬೆಟ್ಟದ ಖರ್ಚು ಜೇಬಿನ ಕಾಲು ಭಾಗಕ್ಕಿಂತ ಕಡಿಮೆ. ನೀರಿನಿಂದ ಹೊರಡುವ ಖರ್ಚು ಮೋಲಿಗೆ 40.7 ಕಿಲೋಜೂಲ್, 100 ಡಿಗ್ರಿಯಲ್ಲಿ ಜೇಬಿನ 13 ಪಟ್ಟು. ಅದಕ್ಕೇ ತಾಪ ಸ್ವಲ್ಪ ಏರಿದರೂ ಆವಿಯ ಒತ್ತಡ ಜಾಸ್ತಿ ಏರುತ್ತದೆ.

40,700 ÷ 8.314 = 4895. ಆವಿಯ ಒತ್ತಡ ಗಾಳಿಯ ಒತ್ತಡಕ್ಕೆ ಸಮವಾದಾಗ ನೀರು ಕುದಿಯುತ್ತದೆ. ಗಾಳಿಯ ಒತ್ತಡ ಇಳಿದ ಘಾತ 0.23 ಅಲ್ವಾ, ಅದನ್ನೇ ಇಲ್ಲಿ ಇಡಿ:

0.23 = 4895 × (1/ಟಿ − 1/373)

ಟಿ ಸುಮಾರು 366.6 ಬರುತ್ತದೆ. ಅಂದರೆ 93.6 ಡಿಗ್ರಿ ಸೆಲ್ಸಿಯಸ್. ಎರಡು ಎಚ್ಚರಿಕೆ: ತಾಪವನ್ನು ಕೆಲ್ವಿನ್‌ನಲ್ಲೇ (ಸೆಲ್ಸಿಯಸ್‌ಗೆ 273 ಕೂಡಿಸಿ) ಹಾಕಿ. ಇನ್ನೊಂದು, 290 ಗಾಳಿಯ ತಾಪ, 373 ಕುದಿಯುವ ನೀರಿನ ತಾಪ. ಎರಡಕ್ಕೂ ಟಿ ಅಂತಲೇ ಹೆಸರು, ಬೆರೆಸಬೇಡಿ.

ನನ್ನ ಅಡ್ಡದಾರಿ: 300 ಮೀಟರ್ ಏರಿದರೆ 1 ಡಿಗ್ರಿ ಕಡಿಮೆ. 1930ನ್ನು 300ರಿಂದ ಭಾಗಿಸಿದರೆ 6.4, ಉತ್ತರ ಮತ್ತೆ 93.6. ಪರೀಕ್ಷೆಯಲ್ಲಿ ಇದನ್ನು ಬರೆದರೆ ಅಂಕ ಬರುವುದಿಲ್ಲ, ಆದರೆ ದೊಡ್ಡ ಲೆಕ್ಕ ತಪ್ಪಿದ್ದರೆ ತಕ್ಷಣ ಗೊತ್ತಾಗುತ್ತದೆ. ಅಷ್ಟು ಸಾಕು.

ಅಡ್ಡದಾರಿಯನ್ನು ಹಾಸನಕ್ಕೂ ಹಾಕಿ ನೋಡಿದೆ. ನಮ್ಮೂರು ಸಾವಿರ ಮೀಟರಿಗೆ ಸ್ವಲ್ಪ ಕಡಿಮೆ. ಅಂದರೆ ಇಲ್ಲಿ ನೀರು ಕುದಿಯುವುದು 97ರ ಹತ್ತಿರ. ಮೊದಲ ಸೆಮಿಸ್ಟರ್ ಲ್ಯಾಬಿನಲ್ಲಿ ನನ್ನ ಥರ್ಮಾಮೀಟರ್ ಸರಿಯಾಗಿ 97 ತೋರಿಸಿತ್ತು. ಥರ್ಮಾಮೀಟರ್ ಕೆಟ್ಟಿದೆ ಅಂದುಕೊಂಡು ರೆಕಾರ್ಡಿನಲ್ಲಿ 100 ಅಂತ ಬರೆದು ಸಹಿ ಹಾಕಿಸಿಕೊಂಡಿದ್ದೆ.