ಟೋಪಿಯ ಬಿಲ್ಲೆ, ತೋಳಿನ ಬಿಲ್ಲೆ

ಕಳೆದ ವಾರ ಮತ್ತೊಂದು ಹಸ್ತಪ್ರತಿ ಬಂತು. ಎರಡನೇ ಮಹಾಯುದ್ಧದ ಬಗ್ಗೆ ಕನ್ನಡದಲ್ಲಿ ಬರೆದದ್ದು. ಲೇಖಕರು ಕಷ್ಟಪಟ್ಟಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾಲ್ಕನೇ ಪುಟಕ್ಕೇ ನನ್ನ ಕೆಂಪು ಪೆನ್ನು ನಿಂತುಬಿಟ್ಟಿತು. ಬ್ರಿಟಿಷರ ಡಾರ್ಸೆಟ್ ರೆಜಿಮೆಂಟ್ 1944ರ ಮೇ 13ಕ್ಕೆ ನಾಗಾ ಬೆಟ್ಟದ ಕೊಹಿಮಾದಲ್ಲಿ ಜಪಾನಿಯರ ಜೊತೆ ಕಾದಾಡಿತಂತೆ. ಅದೇ ರೆಜಿಮೆಂಟ್ ಜೂನ್ 6ಕ್ಕೆ ನಾರ್ಮಂಡಿಯ ದಡದಲ್ಲಿ ಇಳಿಯಿತಂತೆ. ನಾಗಾ ಬೆಟ್ಟದಿಂದ ಫ್ರಾನ್ಸಿಗೆ ಮೂರೂವರೆ ವಾರ. ಹಡಗಿನಲ್ಲಿ ಹೋದರಾ, ಹಾರಿಕೊಂಡು ಹೋದರಾ?

ತಮಾಷೆ ಏನಂದ್ರೆ, ಎರಡು ಸಂಗತಿಯೂ ನಿಜ. ತಪ್ಪಿರುವುದು ಅವೆರಡನ್ನೂ ಕೂಡಿಸಿದ ರೀತಿಯಲ್ಲಿ.

ನಾನು ಸೇನೆಯಲ್ಲಿ ಇದ್ದವನು, ಅದರಲ್ಲಿ ಕೆಲವು ವರ್ಷ ಸ್ಟಾಫ್ ಹುದ್ದೆಗಳಲ್ಲಿ, ಅಂದರೆ ಕಮಾಂಡರ್‌ನ ಆದೇಶ ಬರೆದು ಇಳಿಸುವ ಕೆಲಸದಲ್ಲಿ. ನಿವೃತ್ತಿಯಾದ ಮೇಲೆ ಹಳೇ ಸೈನಿಕರ ಮನೆಯವರಿಗೆ ಕಾಗದಪತ್ರ ಓದಿಕೊಡುವುದು, ಬರೆಯುವವರಿಗೆ ತಪ್ಪು ತೋರಿಸಿಕೊಡುವುದು ನನ್ನ ಕೆಲಸ. ಬರುವ ಜನ ಬೇರೆ ಬೇರೆ, ಗೊಂದಲ ಮಾತ್ರ ಒಂದೇ. ಅದಕ್ಕೆ ನಮ್ಮ ಪತ್ರಿಕೆಗಳೂ ಸ್ವಲ್ಪ ಕಾರಣ. ಮೂವತ್ತು ಜನರ ಪ್ಲಟೂನೂ 'ತುಕಡಿ', ಎಂಟುನೂರು ಜನರ ಬೆಟಾಲಿಯನ್ನೂ 'ತುಕಡಿ', ಹದಿನೆಂಟು ಸಾವಿರ ಜನರ ಡಿವಿಷನ್ನೂ 'ತುಕಡಿ'. ಹೀಗಾದರೆ ಓದುವವರು ಏನು ಮಾಡಬೇಕು?

ಒಂದೇ ಮಾತು ಹೇಳುತ್ತೇನೆ. ಬ್ರಿಟಿಷರ ಕಾಲಾಳು ರೆಜಿಮೆಂಟ್ ಯುದ್ಧಕ್ಕೆ ಹೋಗುವುದಿಲ್ಲ. ಹೋಗುವುದು ಅದರ ಬೆಟಾಲಿಯನ್‌ಗಳು. ಸಿಪಾಯಿಗಳ ಬಾಯಲ್ಲಿ ಪಲ್ಟನ್. ಮತ್ತೆ ಆ ಪಲ್ಟನ್‌ಗಳು ಒಟ್ಟಿಗೂ ಹೋಗುವುದಿಲ್ಲ.

ಇದನ್ನು ಕೇಳಿ ಎಲ್ಲರೂ ತಲೆ ಆಡಿಸುತ್ತಾರೆ. ಹತ್ತು ನಿಮಿಷ ಬಿಟ್ಟು "ಹಾಗಾದ್ರೆ ರೆಜಿಮೆಂಟಿನ ಕಮಾಂಡರ್ ಯಾರು ಸಾರ್?" ಅನ್ನುತ್ತಾರೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳಬೇಕಾಗುತ್ತದೆ.

ರೆಜಿಮೆಂಟ್ ಅಂದರೆ ತವರುಮನೆ ಅಂದುಕೊಳ್ಳಿ. ಹೆಣ್ಣುಮಕ್ಕಳು ನಾಲ್ಕು. ಎಲ್ಲರಿಗೂ ಒಂದೇ ಮನೆತನದ ಹೆಸರು, ಒಂದೇ ದೇವರು, ಒಂದೇ ಹಬ್ಬ. ಆದರೆ ಒಬ್ಬೊಬ್ಬಳನ್ನು ಒಂದೊಂದು ಊರಿಗೆ ಕೊಟ್ಟಿದೆ. ಬೆಳಗ್ಗೆ ಎದ್ದು ಏನು ಕೆಲಸ ಅಂತ ಹೇಳುವುದು ಗಂಡನ ಮನೆ, ಅಂದರೆ ಕೆಲವು ಪಲ್ಟನ್ ಕೂಡಿದ ಬ್ರಿಗೇಡು ಮತ್ತು ಕೆಲವು ಬ್ರಿಗೇಡು ಕೂಡಿದ ಡಿವಿಷನ್. ತವರು ಹೊಸಬರನ್ನು ತಯಾರು ಮಾಡಿ ಕಳಿಸುತ್ತದೆ, ಹೆಸರು ಕಾಯುತ್ತದೆ, ಕಷ್ಟಕ್ಕೆ ಕಣ್ಣೀರು ಹಾಕುತ್ತದೆ. ಆದೇಶ ಕೊಡುವುದಿಲ್ಲ. ಹೋಲಿಕೆ ಹಳೇ ಕಾಲದ್ದು, ನನ್ನ ಮಗಳು ಕೇಳಿದರೆ ಜಗಳಕ್ಕೇ ಬರುತ್ತಾಳೆ. ಆದರೆ ಇದಕ್ಕಿಂತ ಚೆನ್ನಾಗಿ ಕೂರುವ ಹೋಲಿಕೆ ನನಗೆ ಇನ್ನೂ ಸಿಕ್ಕಿಲ್ಲ.

ಈಗ ಡಾರ್ಸೆಟ್ ಲೆಕ್ಕಕ್ಕೆ ಬನ್ನಿ. ಅದರ 1ನೇ ಬೆಟಾಲಿಯನ್ ಯುದ್ಧ ಶುರುವಾದಾಗ ಮಾಲ್ಟಾದಲ್ಲಿತ್ತು. ಅಲ್ಲಿಂದ ಸಿಸಿಲಿ. ಆಮೇಲೆ 50ನೇ ಡಿವಿಷನ್ ಜೊತೆ, 231ನೇ ಬ್ರಿಗೇಡಿನಲ್ಲಿ, ನಾರ್ಮಂಡಿಯ ಗೋಲ್ಡ್ ಬೀಚ್. 2ನೇ ಬೆಟಾಲಿಯನ್ ಬ್ರಿಟಿಷರ 2ನೇ ಡಿವಿಷನ್‌ನಲ್ಲಿ ಭಾರತಕ್ಕೆ ಬಂದು ಕೊಹಿಮಾ ಸೇರಿತು. 4 ಮತ್ತು 5ನೇ ಬೆಟಾಲಿಯನ್‌ಗಳು 43ನೇ ಡಿವಿಷನ್‌ನಲ್ಲಿದ್ದವು. ನೋಡಿ, ಈ ಕೊನೆಯ ಎರಡೂ ಒಂದೇ ಬ್ರಿಗೇಡಿನಲ್ಲಿ, 130ನೇ ಬ್ರಿಗೇಡಿನಲ್ಲಿ, ಜೊತೆಗೇ ಇದ್ದವು. ಹಾಗಾಗಿ 'ಎಂದೂ ಒಟ್ಟಿಗೆ ಇರಲ್ಲ' ಅಂತ ನಾನು ಹೇಳುವುದಿಲ್ಲ. ಪ್ರಾದೇಶಿಕ ಸೇನೆಯ, ಅಂದರೆ ಅರೆಕಾಲಿಕ ಸೈನಿಕರಿಂದ ಕಟ್ಟಿದ, ಡಿವಿಷನ್‌ಗಳಲ್ಲಿ ಅಕ್ಕತಂಗಿ ಒಂದೇ ಮನೆ ಸೇರಿದ ಉದಾಹರಣೆ ಸಾಕಷ್ಟಿವೆ. ಆಗಲೂ ಆದೇಶ ಬರುತ್ತಿದ್ದದ್ದು ಬ್ರಿಗೇಡಿನಿಂದಲೇ, ರೆಜಿಮೆಂಟಿನಿಂದ ಅಲ್ಲ.

ಈ ತಪ್ಪು ತಿಳುವಳಿಕೆಯ ಮೂಲ ಜಾಸ್ತಿ ಮಟ್ಟಿಗೆ ಹಾಲಿವುಡ್ ಸಿನಿಮಾ. ಅಮೆರಿಕದವರ ಕಾಲಾಳು ರೆಜಿಮೆಂಟಿನಲ್ಲಿ ಆಗ ಮೂರು ಬೆಟಾಲಿಯನ್ ಒಟ್ಟಿಗೆ ಇರುತ್ತಿದ್ದವು, ಒಬ್ಬ ಕರ್ನಲ್ ಅವನ್ನು ನಡೆಸುತ್ತಿದ್ದ. ಬ್ರಿಟಿಷರಲ್ಲಿ ಆ ಜಾಗದಲ್ಲಿ ಕೂರುವುದು ಬ್ರಿಗೇಡ್, ಅದನ್ನು ನಡೆಸುವವನು ಬ್ರಿಗೇಡಿಯರ್. ಬ್ರಿಟಿಷ್ ರೆಜಿಮೆಂಟಿಗೂ ಒಬ್ಬ 'ಕರ್ನಲ್' ಇರುತ್ತಾನೆ, ನಿಜ. ಆದರೆ ಅದು ಗೌರವದ ಹುದ್ದೆ. ಸಾಮಾನ್ಯವಾಗಿ ವಯಸ್ಸಾದ ಒಬ್ಬ ಜನರಲ್. ಒಬ್ಬ ಚಿತ್ರಕಥೆಗಾರರು ಅಂಥವರ ಕೈಗೆ ಪಿಸ್ತೂಲು ಕೊಟ್ಟು ಕಂದಕದಿಂದ ಓಡಿಸಿದ್ದರು. ಪಾಪ, ಆ ಮುದುಕರು ಅಷ್ಟೊತ್ತಿಗೆ ಮನೆಯಲ್ಲಿ ಟೀ ಕುಡಿಯುತ್ತಿರುತ್ತಾರೆ.

ಕೆಲವು ವರ್ಷಗಳ ಹಿಂದೆ ಇಂಗ್ಲೆಂಡಿನಿಂದ ವಯಸ್ಸಾದ ಹೆಂಗಸೊಬ್ಬರು ಬೆಳಗಾವಿಗೆ ಬಂದಿದ್ದರು. ಅಪ್ಪ ಯುದ್ಧದ ಕಾಲದಲ್ಲಿ ಬೆಳಗಾವಿಯಿಂದ ಕಾಗದ ಬರೆಯುತ್ತಿದ್ದರಂತೆ. ಆದರೆ ಯಾರೋ ತಿಳಿದವರು, "ನಿಮ್ಮ ತಂದೆಯ ರೆಜಿಮೆಂಟ್ ಇದ್ದದ್ದು ಯುರೋಪಿನಲ್ಲಿ, ಬೆಳಗಾವಿಗೆ ಬಂದಿರೋಕೆ ಸಾಧ್ಯವೇ ಇಲ್ಲ" ಅಂದುಬಿಟ್ಟಿದ್ದರು. ಆಕೆಗೆ ಕಾಗದದ ಮೇಲೇ ಅನುಮಾನ ಬಂದಿತ್ತು. ನನ್ನ ಮುಂದೆ ಒಂದು ಸ್ಟುಡಿಯೋ ಫೋಟೋ ಇಟ್ಟರು. ಟೋಪಿಯ ಬಿಲ್ಲೆ ನೋಡಿದರೆ ಡಾರ್ಸೆಟ್. ಸರಿ. ನಾನು ನೋಡಿದ್ದು ತೋಳು. ಅಲ್ಲಿ ಒಂದರ ಮೇಲೊಂದು ಅಡ್ಡ ಇಟ್ಟ ಎರಡು ಬೀಗದ ಕೈ. ಅದು 2ನೇ ಡಿವಿಷನ್ನಿನ ಗುರುತು. ಕೊಹಿಮಾಕ್ಕೆ ಕರೆ ಬರುವ ಮುಂಚೆ ಆ ಡಿವಿಷನ್‌ನವರು ಬೆಳಗಾವಿ ಸುತ್ತಮುತ್ತಲೇ ಕಾಡಿನ ಯುದ್ಧದ ತರಬೇತಿಯಲ್ಲಿದ್ದರು.

ಟೋಪಿಯ ಬಿಲ್ಲೆ ತವರನ್ನು ಹೇಳುತ್ತದೆ, ತೋಳಿನ ಬಿಲ್ಲೆ ಸೇರಿದ ಮನೆಯನ್ನು. ಆ ಮನುಷ್ಯ ಎಲ್ಲಿದ್ದ ಅಂತ ಗೊತ್ತಾಗಬೇಕಾದರೆ ಎರಡನೆಯದು ಬೇಕು. ಆಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದರೆ ಅಪ್ಪ ಈ ರಸ್ತೆಯಲ್ಲಿ ನಡೆದಿರಬಹುದು" ಅಂದರು. ಇರಬಹುದು ಅಂದೆ. ಒಂದು ಫೋಟೋದಿಂದ ಅದಕ್ಕಿಂತ ಹೆಚ್ಚು ನಾನು ಹೇಳುವಂತಿಲ್ಲ. ಫೋಟೋ ತೆಗೆದ ಮೇಲೂ ಜನ ಒಂದು ಪಲ್ಟನ್‌ನಿಂದ ಇನ್ನೊಂದಕ್ಕೆ ಹೋಗಿರುತ್ತಾರೆ. ಖಚಿತವಾಗಬೇಕಾದರೆ ಬೆಟಾಲಿಯನ್ನಿನ ವಾರ್ ಡೈರಿ, ಅಂದರೆ ಯುದ್ಧಕಾಲದ ದಿನಚರಿ, ತೆಗೆಸಬೇಕು, ಜೊತೆಗೆ ಆ ಸೈನಿಕನ ಸೇವಾ ದಾಖಲೆ. ಡೈರಿಗಳು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿವೆ. ಅಲ್ಲೂ ಇದೇ ಕಥೆ. ಆಗ್ನೇಯ ಏಷ್ಯಾದ ಡೈರಿಗಳೆಲ್ಲ ಡಬ್ಲ್ಯೂಓ 172 ಅನ್ನುವ ಕಡತಗಳ ಸಾಲಿನಲ್ಲಿ, ವಾಯವ್ಯ ಯುರೋಪಿನವು ಡಬ್ಲ್ಯೂಓ 171ರಲ್ಲಿ. ಒಂದೇ ರೆಜಿಮೆಂಟ್, ಬೇರೆ ಬೇರೆ ಕಪಾಟು.

ಇನ್ನು ಡಿವಿಷನ್. 1944ರ ಹೊತ್ತಿಗೆ ಬ್ರಿಟಿಷ್ ಕಾಲಾಳು ಡಿವಿಷನ್ ಅಂದರೆ ಕಾಗದದ ಮೇಲೆ ಸುಮಾರು 18,000 ಜನ. ಮೂರು ಬ್ರಿಗೇಡ್, ಪ್ರತಿಯೊಂದರಲ್ಲಿ ಮೂರು ಪಲ್ಟನ್. ಒಂದು ಪಲ್ಟನ್ನಿನಲ್ಲಿ ಎಂಟುನೂರು ಚಿಲ್ಲರೆ ಜನ, ಅದರಲ್ಲಿ ನಾಲ್ಕು ರೈಫಲ್ ಕಂಪನಿ, ಕಂಪನಿಗೆ ಸುಮಾರು 125 ಜನ. ಗುಣಿಸಿ ನೋಡಿ. ಹದಿನೆಂಟು ಸಾವಿರದಲ್ಲಿ ರೈಫಲ್ ಹಿಡಿದು ಶತ್ರುವಿನ ಮುಖ ನೋಡುವವರು ಸುಮಾರು 4,500. ಉಳಿದವರು ಫಿರಂಗಿಯವರು, ಸಿಗ್ನಲ್‌ನವರು, ಸೇತುವೆ ಕಟ್ಟುವವರು, ಡ್ರೈವರ್‌ಗಳು, ಮೆಕ್ಯಾನಿಕ್‌ಗಳು, ಸ್ಟ್ರೆಚರ್ ಹೊರುವವರು, ಅಡುಗೆಯವರು. ಸತ್ತವರ ಪಟ್ಟಿ ಮಾತ್ರ ಹೆಚ್ಚಾಗಿ ಆ 4,500ರಿಂದಲೇ ಬರುತ್ತದೆ. 'ಡಿವಿಷನ್‌ಗೆ ಶೇಕಡಾ ಹತ್ತು ನಷ್ಟ' ಅಂತ ಓದಿದಾಗ ಇದು ನೆನಪಿರಲಿ. ಕೆಲವು ಕಂಪನಿಗಳಲ್ಲಿ ಅರ್ಧ ಜನ ಉಳಿದಿರುವುದಿಲ್ಲ.

2ನೇ ಡಿವಿಷನ್‌ನ ಬ್ರಿಗೇಡ್‌ಗಳು 4, 5 ಮತ್ತು 6. ಅವುಗಳ ಒಂಬತ್ತು ಪಲ್ಟನ್ ಒಂಬತ್ತು ಬೇರೆ ಬೇರೆ ರೆಜಿಮೆಂಟಿನವು. ಸ್ಕಾಟ್ಲೆಂಡಿನವರು, ವೇಲ್ಸಿನವರು, ಡರಮ್‌ನವರು, ಡಾರ್ಸೆಟ್‌ನವರು. ಒಬ್ಬರ ಇಂಗ್ಲಿಷ್ ಇನ್ನೊಬ್ಬರಿಗೆ ಕಷ್ಟ. ನಮ್ಮ ಕಡೆ ಬೀದರಿನವರನ್ನೂ ಮಂಗಳೂರಿನವರನ್ನೂ ಒಂದೇ ಕೋಣೆಯಲ್ಲಿ ಕೂಡಿಸಿದ ಹಾಗೆ.

ಮೇಜರ್ ಜನರಲ್ ಜಾನ್ ಗ್ರೋವರ್ ಈ ಡಿವಿಷನ್ನಿನ ಮುಖ್ಯಸ್ಥ. ಹದಿನೆಂಟು ಸಾವಿರ ಜನಕ್ಕೆ ಒಬ್ಬ ಹೇಗೆ ಆದೇಶ ಕೊಡುತ್ತಾನೆ ಅಂತ ಕೇಳುತ್ತಾರೆ. ಕೊಡುವುದಿಲ್ಲ. ಅವನು ಮಾತಾಡುವುದು ಮೂವರು ಬ್ರಿಗೇಡಿಯರ್‌ಗಳ ಜೊತೆ, ಫಿರಂಗಿಯ ಬ್ರಿಗೇಡಿಯರ್ ಜೊತೆ, ಎಂಜಿನಿಯರ್, ಸಿಗ್ನಲ್, ವೈದ್ಯಕೀಯ ವಿಭಾಗಗಳ ಮುಖ್ಯಸ್ಥರ ಜೊತೆ. ಎಲ್ಲರನ್ನೂ ಒಂದು ಟೆಂಟಿನಲ್ಲಿ ಕೂರಿಸಬಹುದು. ಅವನ ಆಸೆಯನ್ನು ಆದೇಶವಾಗಿ ಬರೆದು ಇಳಿಸುವುದು ಸ್ಟಾಫ್ ಕೆಲಸ. ಕಾರ್ಯಾಚರಣೆಗೆ ಒಬ್ಬ ಲೆಫ್ಟಿನೆಂಟ್ ಕರ್ನಲ್, ಜನ ಮತ್ತು ಸಾಮಾನಿನ ಲೆಕ್ಕಕ್ಕೆ ಇನ್ನೊಬ್ಬ. ಸ್ಟಾಫ್‌ನವನಿಗೆ ಸ್ವಂತ ಅಧಿಕಾರ ಇಲ್ಲ, ಜನರಲ್ ಪರವಾಗಿ ಸಹಿ ಹಾಕುತ್ತಾನೆ ಅಷ್ಟೇ. 'ಬ್ರಿಗೇಡ್ ಮೇಜರ್' ಅಂತ ಓದಿ, ಒಬ್ಬ ಮೇಜರ್ ಇಡೀ ಬ್ರಿಗೇಡ್ ನಡೆಸಿದ ಅಂತ ಬರೆಯುವವರಿದ್ದಾರೆ. ಅವನು ಬ್ರಿಗೇಡಿಯರ್‌ನ ಮುಖ್ಯ ಸ್ಟಾಫ್ ಅಧಿಕಾರಿ. ನಿದ್ದೆ ಇಲ್ಲದ ಮನುಷ್ಯ. ನನಗೆ ಆ ಜಾತಿಯ ಮೇಲೆ ಸ್ವಲ್ಪ ಪ್ರೀತಿ ಜಾಸ್ತಿ.

ಈಗ ಇನ್ನೊಂದು ಗಂಟು. ಕಾಗದದ ಮೇಲೆ ಯಾವ ಪಲ್ಟನ್ ಯಾವ ಬ್ರಿಗೇಡಿನದ್ದು ಅಂತ ಗೊತ್ತಾದ ಮಾತ್ರಕ್ಕೆ, ಆ ದಿನ ಅದು ಅಲ್ಲೇ ಇತ್ತು ಅಂತಲ್ಲ. ಡೈರಿಯಲ್ಲಿ 'ಅಂಡರ್ ಕಮಾಂಡ್' ಅಂತ ಎರಡು ಪದ ಇರುತ್ತವೆ, ಸದ್ಯಕ್ಕೆ ಇನ್ನೊಬ್ಬರ ಕೈಕೆಳಗೆ ಅಂತ ಅರ್ಥ. ಅದನ್ನು ಹಾರಿಸಿ ಓದಿದರೆ ಕೆಟ್ಟಿರಿ. ಕೊಹಿಮಾದಲ್ಲಿ ಗ್ರೋವರ್ ಒಂದು ಬ್ರಿಗೇಡನ್ನು ಎಡದಿಂದ ಬಳಸಿ ಕಳಿಸಿದ, ಒಂದನ್ನು ಬಲದಿಂದ, ಒಂದನ್ನು ನಡುವೆ ಇಟ್ಟ. 2ನೇ ಡಾರ್ಸೆಟ್ ಲೆಕ್ಕಕ್ಕೆ 5ನೇ ಬ್ರಿಗೇಡಿನದು. ಆದರೆ 5ನೇ ಬ್ರಿಗೇಡ್ ಎಡಕ್ಕೆ ಹೋದಾಗ ಡಾರ್ಸೆಟ್ ನಡುವೆಯೇ ಉಳಿಯಿತು, 6ನೇ ಬ್ರಿಗೇಡಿನ ಕೈಕೆಳಗೆ. ಅವರ ಪಾಲಿಗೆ ಬಂದದ್ದು ಡೆಪ್ಯುಟಿ ಕಮಿಷನರ್ ಬಂಗಲೆ ಮತ್ತು ಅದರ ಟೆನಿಸ್ ಕೋರ್ಟ್. ವಾರಗಟ್ಟಲೆ ಒಂದು ಟೆನಿಸ್ ಕೋರ್ಟಿನ ಎರಡು ಬದಿಯಲ್ಲಿ ಜಪಾನಿಯರೂ ಇವರೂ. ಕೊನೆಗೆ ಮೇ 13ಕ್ಕೆ ಒಂದು ಟ್ಯಾಂಕನ್ನು ಅಲ್ಲಿಗೆ ಇಳಿಸಿದ ಮೇಲೆ ಜಾಗ ಕೈಗೆ ಬಂತು. ಕೊಹಿಮಾದ ಯುದ್ಧ ಸ್ಮಶಾನಕ್ಕೆ ಹೋದವರು ಆ ಕೋರ್ಟಿನ ಗೆರೆಗಳನ್ನು ಇವತ್ತೂ ನೋಡಬಹುದು.

ಅದೇ ಕೊಹಿಮಾವನ್ನು ಏಪ್ರಿಲ್‌ನಲ್ಲಿ ಮುತ್ತಿಗೆಯೊಳಗೆ ಹಿಡಿದು ನಿಂತ 4ನೇ ರಾಯಲ್ ವೆಸ್ಟ್ ಕೆಂಟ್ ಪಲ್ಟನ್ 2ನೇ ಡಿವಿಷನ್‌ನದ್ದೇ ಅಲ್ಲ. ಅದು 5ನೇ ಇಂಡಿಯನ್ ಡಿವಿಷನ್‌ನ 161ನೇ ಬ್ರಿಗೇಡಿನದು. ಆ ಬ್ರಿಗೇಡೂ ಆಮೇಲೆ ಗ್ರೋವರ್‌ನ ಕೈಕೆಳಗೆ ಬಂತು. ಇಂಡಿಯನ್ ಡಿವಿಷನ್ನಿನಲ್ಲಿ ಬ್ರಿಟಿಷ್ ಪಲ್ಟನ್ ಹೇಗೆ ಅಂತ ಕೇಳಬೇಡಿ. ಇಂಡಿಯನ್ ಬ್ರಿಗೇಡಿನಲ್ಲಿ ಒಂದು ಬ್ರಿಟಿಷ್, ಎರಡು ಭಾರತೀಯ ಪಲ್ಟನ್ ಇರುವುದು ಆಗಿನ ಸಾಮಾನ್ಯ ಪದ್ಧತಿ.

ಆ ಯುದ್ಧದಲ್ಲಿ ಬ್ರಿಗೇಡಿಯರ್‌ಗಳಿಗೂ ಉಳಿಗಾಲ ಇರಲಿಲ್ಲ. 4ನೇ ಬ್ರಿಗೇಡಿನ ಗೋಶನ್ ಸತ್ತರು, ಅವರ ಜಾಗಕ್ಕೆ ಬಂದ ಥಿಯೋಬಾಲ್ಡ್ಸ್ ಕೂಡ ಗಾಯದಿಂದ ತೀರಿಕೊಂಡರು. 5ರ ಹಾಕಿನ್ಸ್, 6ರ ಶ್ಯಾಪ್‌ಲ್ಯಾಂಡ್ ಇಬ್ಬರಿಗೂ ಗಾಯ. ಹೆಡ್‌ಕ್ವಾರ್ಟರ್ ಅಂದರೆ ಹಿಂದೆ ಸುರಕ್ಷಿತವಾಗಿ ಕೂರುವ ಜಾಗ ಅನ್ನುವವರಿಗೆ ನಾನು ಈ ನಾಲ್ಕು ಹೆಸರು ಹೇಳಿ ಸುಮ್ಮನಾಗುತ್ತೇನೆ. ಜೂನ್ 22ಕ್ಕೆ ಕೊಹಿಮಾ–ಇಂಫಾಲ್ ರಸ್ತೆ ತೆರೆಯಿತು. ಜುಲೈ ಶುರುವಿನಲ್ಲಿ ಗ್ರೋವರ್‌ನನ್ನು ತೆಗೆದುಹಾಕಿದರು. ಮೇಲಿನವರಿಗೆ ಅವನು ನಿಧಾನ ಅನ್ನಿಸಿತ್ತು. ಕೆಳಗಿನ ಸಿಪಾಯಿಗಳಿಗೆ ಅವನ ಮೇಲೆ ತುಂಬಾ ಅಭಿಮಾನ. ಯಾರು ಸರಿ ಅಂತ ನಾನು ತೀರ್ಪು ಕೊಡಲಾರೆ. ಆದರೆ ಆ ಬೆಟ್ಟ, ಆ ಮಳೆ ನೋಡಿದವರಿಗೆ 'ನಿಧಾನ' ಅನ್ನುವ ಪದ ಅಷ್ಟು ಸುಲಭಕ್ಕೆ ಬಾಯಿಗೆ ಬರುವುದಿಲ್ಲ.

ಹಸ್ತಪ್ರತಿಯ ಲೇಖಕರಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಒಂದು ಗಂಟೆ ಹಿಡಿಯಿತು. ಅವರು ಜಾಣರು, ತವರುಮನೆ ಮಾತು ಚೆನ್ನಾಗಿ ಹಿಡಿದುಕೊಂಡರು. ಆಮೇಲೆ ಕೇಳಿದರು: "ಸಾರ್, ಡಿವಿಷನ್ ಪಟ್ಟಿಯಲ್ಲಿ 10ನೇ ಫೀಲ್ಡ್ ರೆಜಿಮೆಂಟ್, 16ನೇ ಫೀಲ್ಡ್ ರೆಜಿಮೆಂಟ್, 99ನೇ ಫೀಲ್ಡ್ ರೆಜಿಮೆಂಟ್ ಅಂತ ಇದೆಯಲ್ಲ. ಇವೂ ತವರುಮನೆಗಳೇ ತಾನೇ? ಇವೂ ಯುದ್ಧಕ್ಕೆ ಹೋಗಲಿಲ್ಲ ಅಂತ ಬರೆಯಲಾ?"

ನಾನು ಕಣ್ಣು ಮುಚ್ಚಿಕೊಂಡೆ. ಅಲ್ಲ ಮಾರಾಯರೇ, ಅದು ಫಿರಂಗಿಯವರ ರೆಜಿಮೆಂಟ್. ಅದು ನಿಜವಾಗಲೂ ಯುದ್ಧಕ್ಕೆ ಹೋಗುತ್ತದೆ. ಮೂರು ಬ್ಯಾಟರಿ, ಅಂದರೆ ಫಿರಂಗಿಗಳ ಮೂರು ಗುಂಪು, ಒಟ್ಟು 24 ಫಿರಂಗಿ, ಮುಖ್ಯಸ್ಥ ಲೆಫ್ಟಿನೆಂಟ್ ಕರ್ನಲ್. ಅಂದರೆ ಕಾಲಾಳಿನ ಒಂದು ಪಲ್ಟನ್ನಿಗೆ ಸಮ. ಇಂಥವು ಡಿವಿಷನ್ನಿಗೆ ಮೂರು, ಒಟ್ಟು 72 ಫಿರಂಗಿ. ವೈರ್‌ಲೆಸ್‌ನಲ್ಲಿ 'ಮೈಕ್ ಟಾರ್ಗೆಟ್' ಅಂದರೆ ಒಂದು ರೆಜಿಮೆಂಟಿನ ಎಲ್ಲ ಫಿರಂಗಿ ಒಂದೇ ಗುರಿಗೆ. 'ಅಂಕಲ್ ಟಾರ್ಗೆಟ್' ಅಂದರೆ ಇಡೀ ಡಿವಿಷನ್ನಿನ ಎಪ್ಪತ್ತೆರಡೂ ಒಂದೇ ಗುರಿಗೆ. ಪದ ಒಂದೇ ಇರಬಹುದು, ಅರ್ಥ ಪೂರ್ತಿ ಬೇರೆ. ಯಾಕೆ ಹೀಗೆ ಅಂದರೆ, ಅದು ಬ್ರಿಟಿಷರನ್ನು ಕೇಳಬೇಕು.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ತುಂಬಾ ವಿನಯದಿಂದ ಹೇಳಿದರು: "ಸಾರ್, ಬೇಜಾರು ಮಾಡ್ಕೋಬೇಡಿ. ನಾನು ಎಲ್ಲಾ ಕಡೆ 'ತುಕಡಿ' ಅಂತಲೇ ಹಾಕಿಬಿಡ್ತೀನಿ."