ಶಂಟ್ ನಳಿಕೆ ಕರುಳನ್ನು ತೂತು ಮಾಡುವುದುಂಟೆ?

ತುಮಕೂರು ಜಿಲ್ಲೆ ಶಿರಾದಿಂದ ಓದುಗರೊಬ್ಬರ ಪ್ರಶ್ನೆ: "ತಲೆಯಲ್ಲಿ ನೀರು ತುಂಬಿದ್ದರಿಂದ ನನ್ನ ತಂಗಿಯ ಒಂದೂವರೆ ವರ್ಷದ ಮಗುವಿಗೆ ಶಂಟ್ ಹಾಕಿದ್ದಾರೆ. ಆ ಪೈಪು ಕರುಳನ್ನು ತೂತು ಮಾಡಿ ಮಲದ್ವಾರದಿಂದ ಹೊರಬರುತ್ತದೆಂದು ಯಾರೋ ಹೆದರಿಸಿದ್ದಾರೆ. ಹಾಗಾಗುವುದುಂಟೆ?"

ಉಂಟು, ಆದರೆ ಬಹಳ ಅಪರೂಪ; ಶಂಟ್ ಹಾಕಿಸಿಕೊಂಡ ಸಾವಿರ ಮಂದಿಯಲ್ಲಿ ಒಬ್ಬರಿಂದ ಏಳು ಮಂದಿಗೆ ಹೀಗಾಗಬಹುದೆಂಬುದು ವೈದ್ಯಕೀಯ ವರದಿಗಳ ಅಂದಾಜು. ಮಿದುಳಿನ ಕುಹರಗಳಲ್ಲಿ ಹೆಚ್ಚಾದ ದ್ರವವನ್ನು ಸಾಗಿಸುವ ಈ ಸಿಲಿಕೋನ್ ನಳಿಕೆ ಕತ್ತು, ಎದೆಗಳ ಚರ್ಮದಡಿ ಇಳಿದು, ಕರುಳುಗಳಿರುವ ಉದರದ ಪೊರೆಯೊಳಗೆ ಕೊನೆಗೊಳ್ಳುತ್ತದೆ. ಮಗು ಬೆಳೆದಂತೆ ಸಾಲದೆ ಹೋಗಬಾರದೆಂದು ಅಲ್ಲಿ ಧಾರಾಳ ಉದ್ದ ಬಿಟ್ಟಿರುತ್ತಾರೆ. ಅದರ ತುದಿ ಒಂದೇ ಕಡೆ ಸಿಕ್ಕಿಕೊಂಡು ತಿಂಗಳುಗಟ್ಟಲೆ ಒತ್ತುತ್ತಿದ್ದರೆ, ಕರುಳಿನ ಗೋಡೆ ಸವೆದು ತೂತಾಗಬಹುದು. ಗೋಡೆ ತೆಳುವಾಗಿರುವ ಎಳೆಯ ಮಕ್ಕಳಲ್ಲಿ ಈ ಸಂಭವ ಹೆಚ್ಚು. ಆಪರೇಷನ್ ಕೆಟ್ಟಿತೆಂದು ದೂರುವವರಿದ್ದಾರೆ. ವರ್ಷಗಳ ನಂತರವೂ ಕಾಣಿಸಿಕೊಳ್ಳುವ ಈ ತೊಂದರೆಗೆ ಆ ದೂರು ಸಾಮಾನ್ಯವಾಗಿ ಹೊಂದುವುದಿಲ್ಲ.

ಸೋಜಿಗವೆಂದರೆ, ಹೆಚ್ಚಿನವರಿಗೆ ಹೊಟ್ಟೆನೋವೇ ಇರುವುದಿಲ್ಲ. ನಳಿಕೆಯ ಸುತ್ತ ಬೆಳೆದ ನಾರಿನಂಥ ಪೊರೆ ತೂತನ್ನು ಬಿಗಿಯಾಗಿ ಮುಚ್ಚಿರುತ್ತದೆ. ಬೆಳಗ್ಗೆ ಮಗುವನ್ನು ತೊಳೆಯುವಾಗ ಬಿಳಿಯ ಸಣ್ಣ ನಳಿಕೆಯೊಂದು ಇಣುಕಿ, ತುದಿಯಿಂದ ತಿಳಿನೀರು ತೊಟ್ಟಿಕ್ಕುತ್ತಿರುವುದೇ ಕೆಲವೊಮ್ಮೆ ಮೊದಲ ಸುಳಿವು. ಜಂತುಹುಳುವೆಂದು ಭ್ರಮಿಸಿ ಎಳೆಯಲು ಕೈ ಹಾಕುವುದು ಸಹಜ. ಆದರೆ ಅದನ್ನು ಎಳೆಯಲೂ ಬಾರದು, ಕತ್ತರಿಸಲೂ ಬಾರದು, ಒಳಕ್ಕೆ ತಳ್ಳಲೂ ಬಾರದು. ಕರುಳಿನ ಇ. ಕೋಲೈ ಮುಂತಾದ ಬ್ಯಾಕ್ಟೀರಿಯಾಗಳು ನಳಿಕೆಯ ಗುಂಟ ಮೇಲೇರಿ ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು) ತರಬಲ್ಲವು. ಹೊರಗೆ ಏನೂ ಕಾಣದಿದ್ದರೂ, ಶಂಟ್ ಇರುವ ಮಗುವಿಗೆ ಜ್ವರ, ವಾಂತಿ, ಮಂಪರು ಅಥವಾ ಫಿಟ್ಸ್ ಬಂದರೆ ತಡಮಾಡಬಾರದು.

ಚಿಕಿತ್ಸೆಯಲ್ಲಿ ವೈದ್ಯರು ಹೊಟ್ಟೆಯ ಅಥವಾ ಎದೆಯ ಮೇಲೆ ಸಣ್ಣದಾಗಿ ಕೊಯ್ದು, ನಳಿಕೆಯನ್ನು ಅಲ್ಲೇ ತುಂಡರಿಸಿ, ಕೆಳಗಿನ ತುಂಡನ್ನು ಮಲದ್ವಾರದಿಂದಲೇ ಹೊರತೆಗೆಯುತ್ತಾರೆ. ಕರುಳಿನ ಕೊಳೆ ತಗುಲಿದ ಆ ತುದಿಯನ್ನು ಮೇಲಕ್ಕೆ ಎಳೆಯುವುದಿಲ್ಲ. ತೂತು ಹೆಚ್ಚಾಗಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಉದರದಲ್ಲಿ ಕೀವು ಅಥವಾ ಸೋಂಕು ಹರಡಿದ್ದರೆ ಮಾತ್ರ ಹೊಟ್ಟೆ ತೆರೆಯಬೇಕಾಗುತ್ತದೆ. ಈ ನಡುವೆ ಮಿದುಳಿನ ದ್ರವವನ್ನು ದೇಹದ ಹೊರಗಿನ ಚೀಲಕ್ಕೆ ಹರಿಸಿ, ಆಂಟಿಬಯಾಟಿಕ್ ಕೊಟ್ಟು, ದ್ರವದಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದೇ ಎಂದು ನೋಡುವ ಕಲ್ಚರ್ ಪರೀಕ್ಷೆಯಲ್ಲಿ ಸೋಂಕಿಲ್ಲವೆಂದು ಖಚಿತವಾದ ಮೇಲೆ ಹೊಸ ಶಂಟ್ ಹಾಕುತ್ತಾರೆ.

ನಳಿಕೆ ಕಂಡರೆ, ಶುಚಿಯಾದ ಗಾಜ್ ಬಟ್ಟೆ ಮುಚ್ಚಿ, ಹಳೆಯ ಡಿಸ್ಚಾರ್ಜ್ ಪತ್ರ ಹಿಡಿದು, ಬೆಂಗಳೂರಿನ ನಿಮ್ಹಾನ್ಸ್‌ನಂಥ ನರಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಕೂಡಲೇ ಹೊರಡಿ. ಮರುದಿನ ಬೆಳಗಿನ ಬಸ್ಸಿಗೆ ಕಾಯಬೇಡಿ.